ಸಿಟ್ಟಿನ ಮತ ಎಲ್ಲಿಗೆ ಹೋಗುತ್ತದೆ? ಬ್ರಿಟನ್ನಿಗೆ ಬಂದ ಕನ್ನಡಿಗರಿಗೆ

ಈ ದೇಶದಲ್ಲಿ ನಾನು ಮೊದಲ ಸಲ ಮತ ಹಾಕಿದ್ದು ನಮ್ಮ ಬೀದಿಯ ಕೊನೆಯಲ್ಲಿರುವ ಚರ್ಚಿನ ಹಾಲ್‌ನಲ್ಲಿ. ಕೆಲಸ ಮುಗಿಸಿಕೊಂಡು ಸಂಜೆ ಏಳರ ಹೊತ್ತಿಗೆ ಹೋದೆ. ಪೊಲೀಸರಿಲ್ಲ, ಸಾಲಿಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಮೇಜಿನ ಹಿಂದೆ ಕೂತಿದ್ದ ಇಬ್ಬರು ಹೆಂಗಸರು ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿ, ಸ್ಕೇಲ್ ಇಟ್ಟು ಅದರ ಮೇಲೆ ಗೆರೆ ಎಳೆದು, ಉದ್ದನೆಯ ಒಂದು ಕಾಗದ ಕೊಟ್ಟರು. ಮರೆಯೊಳಗೆ ದಾರಕ್ಕೆ ಕಟ್ಟಿದ ಗಿಡ್ಡ ಪೆನ್ಸಿಲ್ ಇತ್ತು. ಕಾಗದದ ಮೇಲೆ ಏಳು ಹೆಸರು, ಅದರಲ್ಲಿ ನಾಲ್ಕು ಜನರ ಪಕ್ಷದ ಹೆಸರನ್ನೇ ನಾನು ಕೇಳಿರಲಿಲ್ಲ. ಕೊನೆಯ ಸಾಲಿನವರೆಗೂ ಬೆರಳಾಡಿಸಿದೆ. ನೋಟಾ ಇರಲಿಲ್ಲ.

ಊರಲ್ಲಾದರೆ 2013ರಿಂದ ಆ ಗುಂಡಿ ಇದೆ. ಯಾರೂ ಬೇಡವೆಂದರೆ ಅದನ್ನು ಒತ್ತಿ ಬರಬಹುದು. ಇಲ್ಲಿ ದೊಡ್ಡ ಪಕ್ಷಗಳ ಮೇಲೆ ಸಿಟ್ಟು ಬಂದವರು ಏನು ಮಾಡುತ್ತಾರೆ ಅಂತ ಆವತ್ತು ನನಗೆ ಗೊತ್ತಿರಲಿಲ್ಲ. ಆ ಸಿಟ್ಟೆಲ್ಲ ನಾನು ಕೇಳಿರದ ಆ ನಾಲ್ಕು ಹೆಸರುಗಳ ಕಡೆಗೇ ಹೋಗುತ್ತದೆ ಎಂದು ಅರ್ಥವಾಗಲು ಒಂದೆರಡು ಚುನಾವಣೆ ಬೇಕಾಯಿತು. ಹೊಸದಾಗಿ ಬಂದವರಿಗೆ ಅಷ್ಟು ತಡವಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು, ಏಕೆಂದರೆ ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ: ಇಲ್ಲಿ ಮತ ಹಾಕಲು ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವಾಸವಾಗಿರುವ, ಚಾಲ್ತಿಯಲ್ಲಿರುವ ವೀಸಾ ಹೊಂದಿದ, 18 ತುಂಬಿದ ಭಾರತೀಯರು ಪಾರ್ಲಿಮೆಂಟಿಗೂ ಸ್ಥಳೀಯ ಆಡಳಿತದ ಕೌನ್ಸಿಲ್‌ಗೂ ಮತ ಹಾಕಬಹುದು. ಓದಲು ಬಂದವರೂ ಸರಿ, ಸ್ಕಿಲ್ಡ್ ವರ್ಕರ್ ವೀಸಾದವರೂ ಸರಿ, ಅವರ ಜೊತೆ ಡಿಪೆಂಡೆಂಟ್ ಆಗಿ ಬಂದ ಗಂಡ ಹೆಂಡತಿಯರೂ ಸರಿ. ಇಲ್ಲೇ ದುಡಿದು ತೆರಿಗೆ ಕಟ್ಟುವ ಎಷ್ಟೋ ಐರೋಪ್ಯರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತವಿಲ್ಲ, ನಮಗಿದೆ. ಇದನ್ನು ಪೋಲು ಮಾಡುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಲೆಕ್ಕಾಚಾರ. ಪಾರ್ಲಿಮೆಂಟಿನಲ್ಲಿ 650 ಕ್ಷೇತ್ರ, ಒಂದಕ್ಕೆ ಒಬ್ಬರು, ಯಾರಿಗೆ ಹೆಚ್ಚು ಮತವೋ ಅವರು ಗೆದ್ದರು. ಅರ್ಧಕ್ಕಿಂತ ಹೆಚ್ಚು ಬರಬೇಕೆಂಬ ನಿಯಮವಿಲ್ಲ. ಇದು ನಮಗೆ ಹೊಸದಲ್ಲ, ಇವರಿಂದಲೇ ನಾವು ಪಡೆದ ಪದ್ಧತಿ. ಇದರ ಗುಣ ಅರಿಯಲು 2013ರ ಕರ್ನಾಟಕ ವಿಧಾನಸಭೆಯನ್ನು ನೆನೆಸಿಕೊಂಡರೆ ಸಾಕು. ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದರು. ರಾಜ್ಯದಾದ್ಯಂತ ಶೇ. 10ರಷ್ಟು ಮತ ಬಂತು, ಸಿಕ್ಕಿದ್ದು ಆರೇ ಸೀಟು. ಆದರೆ ಬಿಜೆಪಿ 110ರಿಂದ 40ಕ್ಕೆ ಇಳಿಯಿತು, ಕಾಂಗ್ರೆಸ್ 122 ಗೆದ್ದಿತು. ಸಿಟ್ಟಿನ ಪಕ್ಷ ತಾನು ಗೆಲ್ಲದಿದ್ದರೂ ಯಾರು ಸೋಲಬೇಕೆಂಬುದನ್ನು ತೀರ್ಮಾನಿಸಿತು.

2024ರ ಜುಲೈ 4ರಂದು ಬ್ರಿಟನ್ನಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. ನೈಜಲ್ ಫರಾಜ್ ಅವರ, ವಲಸೆಯನ್ನು ವಿರೋಧಿಸುವ ರಿಫಾರ್ಮ್ ಯುಕೆ ಪಕ್ಷಕ್ಕೆ 41 ಲಕ್ಷ ಮತ, ಅಂದರೆ ಶೇ. 14. ಸೀಟು ಐದು. ಆಗ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷ 2019ರಲ್ಲಿ ಗೆದ್ದಿದ್ದ 365ರಿಂದ 121ಕ್ಕೆ ಕುಸಿಯಿತು. ಲೇಬರ್ 411 ಗೆದ್ದಿತು. ಆ ಲೇಬರ್‌ಗೆ ಬಿದ್ದ ಮತ ಶೇ. 34ಕ್ಕಿಂತ ಕಡಿಮೆ, ಮತಗಳ ಸಂಖ್ಯೆಯಂತೂ ಅದು 2019ರಲ್ಲಿ ಸೋತಾಗ ಪಡೆದಿದ್ದಕ್ಕಿಂತಲೂ ಕಡಿಮೆ. ಲೇಬರ್‌ಗೆ ಒಬ್ಬ ಸಂಸದನಿಗೆ ಸುಮಾರು 24 ಸಾವಿರ ಮತ ಸಾಕಾದರೆ ರಿಫಾರ್ಮ್‌ಗೆ ಎಂಟು ಲಕ್ಷ ಬೇಕಾಯಿತು. ಗ್ರೀನ್ ಪಕ್ಷಕ್ಕೆ 19 ಲಕ್ಷ ಮತ, ನಾಲ್ಕು ಸೀಟು. ಇದನ್ನು ನ್ಯಾಯವೆಂದು ಒಪ್ಪಲು ನನ್ನಿಂದ ಆಗುವುದಿಲ್ಲ. ರಿಫಾರ್ಮ್‌ನ ಒಂದು ಮಾತೂ ನನಗೆ ಹಿಡಿಸುವುದಿಲ್ಲ, ಆದರೂ 41 ಲಕ್ಷ ಜನರ ಮಾತು ಐದು ಕುರ್ಚಿಗೆ ಮುದುಡಿಹೋಗಬಾರದು. 2011ರಲ್ಲಿ ಪದ್ಧತಿ ಬದಲಿಸೋಣವೇ ಎಂದು ಜನಮತ ಕೇಳಿದಾಗ ಮೂರರಲ್ಲಿ ಎರಡು ಪಾಲು ಬೇಡವೆಂದಿತು. ಅಲ್ಲಿಗೆ ಆ ಚರ್ಚೆ ತಣ್ಣಗಾಯಿತು.

ಅದೇ ಚುನಾವಣೆಯಲ್ಲಿ ಲಿಬರಲ್ ಡೆಮಾಕ್ರಾಟರಿಗೆ ಬಂದದ್ದು 35 ಲಕ್ಷ, ರಿಫಾರ್ಮ್‌ಗಿಂತ ಕಡಿಮೆ. ಸೀಟು ಮಾತ್ರ 72. ಕಾರಣ ಇಷ್ಟೇ: ಅವರ ಮತ ದಕ್ಷಿಣ ಇಂಗ್ಲೆಂಡ್‌ನ ಕೆಲವು ಭಾಗಗಳಲ್ಲಿ ಗುಡ್ಡೆಯಾಗಿ ಬಿತ್ತು, ರಿಫಾರ್ಮ್‌ನದು ದೇಶದ ತುಂಬ ಹರಡಿಹೋಯಿತು. ಹಿಂದೆ 1983ರಲ್ಲಿ ಇದೇ ಲಿಬರಲ್ಲರು ಎಸ್‌ಡಿಪಿ ಎಂಬ ಇನ್ನೊಂದು ಪಕ್ಷದ ಜೊತೆ ಸೇರಿ ಕಾಲು ಭಾಗ ಮತ ಪಡೆದೂ 23 ಸೀಟಿಗೆ ನಿಂತಿದ್ದರು. ಆವತ್ತು ಕಲಿತ ಪಾಠವನ್ನು ಅವರು ನಲವತ್ತು ವರ್ಷ ಮರೆಯಲಿಲ್ಲ. ಗೆಲ್ಲುವ ಕಡೆ ಮಾತ್ರ ಬೆವರು ಸುರಿಸುತ್ತಾರೆ, ಬೀದಿ ಬೀದಿಗೆ ಕರಪತ್ರ ಹಾಕುತ್ತಾರೆ. ನಿಮ್ಮ ಬಾಗಿಲಿಗೆ ಒಂದು ಸಣ್ಣ ಪಕ್ಷದ ಕಾಗದ ವಾರಕ್ಕೆರಡು ಸಲ ಬೀಳುತ್ತಿದ್ದರೆ, ಆ ಕ್ಷೇತ್ರ ಕೈಗೆ ಸಿಗಬಹುದೆಂಬ ಆಸೆ ಅವರಿಗಿದೆ ಎಂದರ್ಥ.

ಮತ ಹರಿದು ಹಂಚಿಹೋದರೆ ಏನಾಗುತ್ತದೆ ಎಂಬುದಕ್ಕೆ ಲೆಸ್ಟರ್ ಪೂರ್ವವನ್ನು ನೋಡಿ. ಗುಜರಾತಿಗಳೂ ಪಂಜಾಬಿಗಳೂ ತುಂಬಿರುವ ಕ್ಷೇತ್ರ, 1987ರಿಂದ ಲೇಬರ್ ಬಿಟ್ಟು ಬೇರೆಯವರು ಗೆದ್ದಿರಲಿಲ್ಲ. 2024ರಲ್ಲಿ ಲೇಬರ್‌ನ ಅಧಿಕೃತ ಅಭ್ಯರ್ಥಿಯ ಎದುರಿಗೆ, ಹಿಂದೆ ಲೇಬರ್‌ನಿಂದಲೇ ಅಲ್ಲಿ ಗೆದ್ದಿದ್ದ ಕೀತ್ ವಾಜ್ ಮತ್ತು ಕ್ಲಾಡಿಯಾ ವೆಬ್ ಇಬ್ಬರೂ ಬೇರೆ ಬೇರೆಯಾಗಿ ಕಣಕ್ಕಿಳಿದರು. ನಮ್ಮ ಕಡೆಯ ಬಂಡಾಯದ ಹಾಗೆಯೇ. ಅವರಿಬ್ಬರಿಗೆ ಸೇರಿ ಒಂಬತ್ತು ಸಾವಿರಕ್ಕೂ ಹೆಚ್ಚು ಮತ ಬಂತು, ಕನ್ಸರ್ವೇಟಿವ್ ಪಕ್ಷದ ಶಿವಾನಿ ರಾಜಾ ಸುಮಾರು 4,400 ಮತಗಳಿಂದ ಗೆದ್ದರು. ದೇಶಾದ್ಯಂತ ಮಣ್ಣುಮುಕ್ಕಿದ ಪಕ್ಷ ಲೇಬರ್‌ನಿಂದ ಕಸಿದುಕೊಂಡ ಒಂದೇ ಒಂದು ಕ್ಷೇತ್ರ ಅದು. ಪಕ್ಕದ ಲೆಸ್ಟರ್ ದಕ್ಷಿಣದಲ್ಲಿ ಗಾಜಾದ ವಿಷಯಕ್ಕೆ ಸಿಟ್ಟಾದ ಮತದಾರರು ಪಕ್ಷೇತರ ಶೌಕತ್ ಆಡಮ್ ಅವರನ್ನು 979 ಮತಗಳಿಂದ ಗೆಲ್ಲಿಸಿ ಲೇಬರ್‌ನ ದೊಡ್ಡ ನಾಯಕ ಜೊನಾಥನ್ ಆಶ್‌ವರ್ತ್ ಅವರನ್ನು ಮನೆಗೆ ಕಳಿಸಿದರು. ಒಂದೇ ಊರು, ಒಂದೇ ರಾತ್ರಿ. ಅಲ್ಲಿ ಸಿಟ್ಟು ಚದುರಿತು, ಇಲ್ಲಿ ಒಗ್ಗೂಡಿತು.

ಉಪಚುನಾವಣೆಗಳಲ್ಲಿ ಈ ಸಿಟ್ಟು ಇನ್ನೂ ಬಿಡುಬೀಸಾಗಿ ಹೊರಬರುತ್ತದೆ, ಏಕೆಂದರೆ ಸರ್ಕಾರ ಬೀಳುವುದಿಲ್ಲವೆಂದು ಎಲ್ಲರಿಗೂ ಗೊತ್ತು. 2025ರ ಮೇ 1ರಂದು ರನ್‌ಕಾರ್ನ್ ಮತ್ತು ಹೆಲ್ಸ್‌ಬಿ ಕ್ಷೇತ್ರದಲ್ಲಿ ರಿಫಾರ್ಮ್‌ನ ಸಾರಾ ಪೋಚಿನ್ ಲೇಬರ್ ವಿರುದ್ಧ ಗೆದ್ದದ್ದು ಆರು ಮತಗಳಿಂದ. ಆರು ಸಾವಿರವಲ್ಲ, ಆರು. ಮರುಎಣಿಕೆ ಮಾಡಿಯೂ ಅಷ್ಟೇ. ಹತ್ತು ತಿಂಗಳ ಹಿಂದೆ ಲೇಬರ್ ಅಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದಿತ್ತು. ನನ್ನ ಒಂದು ಮತದಿಂದ ಏನಾಗುತ್ತೆ ಎನ್ನುವ ಗೆಳೆಯರಿಗೆ ನಾನು ಈಗ ಈ ಒಂದು ಅಂಕಿಯನ್ನು ಮಾತ್ರ ಹೇಳುತ್ತೇನೆ.

ಸೀಟಿನ ಲೆಕ್ಕ ಬಿಟ್ಟು, ಈ ಮತಗಳ ನಿಜವಾದ ಬಲ ಬೇರೆ ಕಡೆ ಇದೆ. ಅದು ನಮ್ಮ ಬದುಕನ್ನೇ ಮುಟ್ಟಿದೆ. ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರಬೇಕೆನ್ನುತ್ತಿದ್ದ ಯುಕಿಪ್ ಎಂಬ ಪಕ್ಷ ಯಾವ ಸಾರ್ವತ್ರಿಕ ಚುನಾವಣೆಯಲ್ಲೂ ಒಂದಕ್ಕಿಂತ ಹೆಚ್ಚು ಸೀಟು ಗೆಲ್ಲಲಿಲ್ಲ. ಆದರೆ ಅದು ತಮ್ಮ ಮತ ಕೀಳುತ್ತಿದೆ ಎಂಬ ಭಯ ಕನ್ಸರ್ವೇಟಿವ್ ಸಂಸದರನ್ನು ಹಿಡಿಯಿತು. 2013ರ ಜನವರಿಯಲ್ಲಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಯುರೋಪ್ ಬಗ್ಗೆ ಜನಮತ ನಡೆಸುವುದಾಗಿ ಮಾತು ಕೊಟ್ಟದ್ದರ ಹಿಂದೆ ಆ ಒತ್ತಡವಿತ್ತು. 2014ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಯುಕಿಪ್ ಮೊದಲ ಸ್ಥಾನಕ್ಕೇ ಬಂತು. 2016ರ ಜೂನ್ 23ಕ್ಕೆ ಶೇ. 51.9 ಜನ ಹೊರಹೋಗೋಣ ಎಂದರು. ಐರೋಪ್ಯರ ಮುಕ್ತ ಪ್ರವೇಶ ನಿಂತು, 2021ರ ಜನವರಿಯಿಂದ ಎಲ್ಲ ದೇಶದವರಿಗೂ ಒಂದೇ ಅಂಕಪದ್ಧತಿಯ ವೀಸಾ ಬಂತು, ಅದೇ ಜುಲೈಗೆ ಓದು ಮುಗಿಸಿದವರಿಗೆ ಗ್ರಾಜುಯೇಟ್ ವೀಸಾ ತೆರೆಯಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ನಮ್ಮಲ್ಲಿ ಎಷ್ಟೋ ಜನ ಬಂದದ್ದು ಆ ಬಾಗಿಲಿನಿಂದ. ಒಂದೇ ಸೀಟಿನ ಪಕ್ಷಕ್ಕೆ ಬಿದ್ದ ಸಿಟ್ಟಿನ ಮತ ಸುತ್ತಿ ಬಳಸಿ ನಮ್ಮ ವೀಸಾದವರೆಗೆ ಬಂದಿದೆ.

ಈಗ ಅದೇ ಒತ್ತಡ ತಿರುಗಿ ನಮ್ಮ ಮೇಲೆ ಬೀಳುತ್ತಿದೆ. 2025ರ ಮೇ 1ರ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ ಹತ್ತು ಕೌನ್ಸಿಲ್ ಹಿಡಿಯಿತು. ಅದೇ ತಿಂಗಳ 12ರಂದು ಲೇಬರ್ ಸರ್ಕಾರ ಹೊರಡಿಸಿದ ವಲಸೆಯ ಶ್ವೇತಪತ್ರದಲ್ಲಿ, ಐಎಲ್‌ಆರ್‌ಗೆ, ಅಂದರೆ ಇಲ್ಲಿ ಕಾಯಂ ಉಳಿಯುವ ಅನುಮತಿಗೆ, ಐದು ವರ್ಷ ಕಾಯುವ ಬದಲು ಹತ್ತು ವರ್ಷ ಎಂಬ ಪ್ರಸ್ತಾವ ಇತ್ತು. ಪತ್ರ ಮುಂಚಿನಿಂದಲೇ ತಯಾರಾಗುತ್ತಿತ್ತು ನಿಜ, ಆದರೆ ಅದು ಯಾರಿಗೆ ಉತ್ತರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸೆಪ್ಟೆಂಬರಿನಲ್ಲಿ ಫರಾಜ್ ಐಎಲ್‌ಆರ್ ಅನ್ನೇ ರದ್ದು ಮಾಡುವುದಾಗಿ ಹೇಳಿದರು. ಆ ವಾರ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ದೀಪಾವಳಿ ಊಟದ ಪಟ್ಟಿ ಬಿಟ್ಟು ಎಲ್ಲರೂ ಇದನ್ನೇ ಮಾತಾಡಿದರು. ಮೂರು ಮಕ್ಕಳ ತಾಯಿಯೊಬ್ಬರು, ನಾಲ್ಕು ವರ್ಷ ಎರಡು ತಿಂಗಳು ಮುಗಿಸಿದವರು, ಮನೆ ಕೊಳ್ಳುವುದೋ ಬಿಡುವುದೋ ಎಂದು ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ. ಆಮೇಲೆ ಯಾರು ಯಾರು ಮತದಾರರ ಪಟ್ಟಿಯಲ್ಲಿದ್ದೀರಿ ಎಂದು ನಾನು ಕೇಳಿದೆ. ಕೈ ಎತ್ತಿದವರು ಅರ್ಧಕ್ಕೂ ಕಡಿಮೆ.

ಸಣ್ಣ ಪಕ್ಷಕ್ಕೆ ಮತ ಹಾಕಬೇಕೋ ಬೇಡವೋ ಎಂಬುದು ಯಾವ ಚುನಾವಣೆ ಎಂಬುದರ ಮೇಲೆ ನಿಂತಿದೆ. ಸ್ಕಾಟ್ಲೆಂಡ್ ಪಾರ್ಲಿಮೆಂಟಿಗೆ ಎರಡು ಮತ: ಒಂದು ಕ್ಷೇತ್ರಕ್ಕೆ, ಇನ್ನೊಂದು ಪಕ್ಷದ ಪಟ್ಟಿಗೆ. ಲಂಡನ್ ಅಸೆಂಬ್ಲಿಗೂ ಹಾಗೆಯೇ, ಅಲ್ಲಿ ಪಟ್ಟಿಯ ಸೀಟಿಗೆ ಶೇ. 5 ದಾಟಬೇಕು. ಉತ್ತರ ಐರ್ಲೆಂಡ್‌ನ ಅಸೆಂಬ್ಲಿ ಮತ್ತು ಕೌನ್ಸಿಲ್‌ಗಳಲ್ಲೂ ಸ್ಕಾಟ್ಲೆಂಡ್‌ನ ಕೌನ್ಸಿಲ್‌ಗಳಲ್ಲೂ ಅಭ್ಯರ್ಥಿಗಳಿಗೆ 1, 2, 3 ಎಂದು ಅಂಕಿ ಹಾಕುತ್ತಾರೆ, ಮೊದಲನೆಯವರು ಸೋತರೆ ನಿಮ್ಮ ಮತ ಎರಡನೆಯವರಿಗೆ ದಾಟುತ್ತದೆ. ಇಂಥ ಕಡೆ ಮನಸ್ಸಿಗೆ ಒಪ್ಪಿದ ಪಕ್ಷಕ್ಕೆ ಹಾಕಿ, ಹಿಂಜರಿಯಬೇಡಿ. ಪಾರ್ಲಿಮೆಂಟ್ ಚುನಾವಣೆಯಲ್ಲಿ ಮಾತ್ರ ನಿಮ್ಮ ಕ್ಷೇತ್ರದಲ್ಲಿ ಕಳೆದ ಸಲ ಮೊದಲ ಎರಡು ಸ್ಥಾನದಲ್ಲಿ ಯಾರಿದ್ದರು ಎಂದು ನೋಡಿಕೊಂಡು ಹೋಗಿ. 2025ರ ಅಕ್ಟೋಬರಿನಲ್ಲಿ ವೇಲ್ಸ್‌ನ ಕೆರ್ಫಿಲಿಯಲ್ಲಿ ವೇಲ್ಸ್ ಪಾರ್ಲಿಮೆಂಟಿನ ಉಪಚುನಾವಣೆ ನಡೆದಾಗ ಅಲ್ಲಿನ ಜನ ಮಾಡಿದ್ದೂ ಗೆಲ್ಲಬಲ್ಲವರು ಯಾರೆಂಬ ಇಂಥದ್ದೇ ಲೆಕ್ಕ. ತಲೆಮಾರುಗಳಿಂದ ಲೇಬರ್‌ಗೆ ಹಾಕಿದ ಊರು, ರಿಫಾರ್ಮ್ ಬರಬಾರದೆಂದು ಪ್ಲೈಡ್ ಕಮ್ರಿ ಪಕ್ಷದ ಹಿಂದೆ ನಿಂತಿತು. ಲೇಬರ್ ಶೇ. 11ಕ್ಕೆ ಇಳಿದು ಮೂರನೆಯದಾಯಿತು.

ಖಾಲಿ ಕಾಗದ ಹಾಕುವವರೂ, ಅದರ ಮೇಲೆ ಬೈಗುಳ ಬರೆಯುವವರೂ ಇದ್ದಾರೆ. ಅಂಥ ಮತಗಳನ್ನು ಎಸೆಯುವುದಿಲ್ಲ. ಅಭ್ಯರ್ಥಿಗಳ ಕಡೆಯವರ ಮುಂದೆ ಒಂದೊಂದನ್ನೂ ತೋರಿಸಿ, ತಿರಸ್ಕೃತ ಎಂದು ಎಣಿಸಿ, ಫಲಿತಾಂಶದ ಜೊತೆ ಹೇಳುತ್ತಾರೆ. ಅಷ್ಟಕ್ಕೇ ಮುಗಿಯಿತು, ಯಾವ ಪಕ್ಷವೂ ಅದಕ್ಕೆ ಹೆದರಿದ್ದನ್ನು ನಾನು ಕಂಡಿಲ್ಲ. ಸಣ್ಣ ಪಕ್ಷದ ಮತಕ್ಕೆ ಹೆದರುತ್ತಾರೆ. ಪಾರ್ಲಿಮೆಂಟ್ ಅಭ್ಯರ್ಥಿಯ ಠೇವಣಿ 500 ಪೌಂಡ್, ಶೇ. 5ಕ್ಕಿಂತ ಹೆಚ್ಚು ಮತ ಬಂದರೆ ಅದು ವಾಪಸು, ಮುಂದಿನ ಸಲಕ್ಕೆ ಆ ಪಕ್ಷದ ಕೈಯಲ್ಲಿ ದುಡ್ಡೂ ಧೈರ್ಯವೂ ಉಳಿಯುತ್ತದೆ.

ಹೆಸರು ಸೇರಿಸುವುದು ಸರ್ಕಾರದ ವೆಬ್‌ಸೈಟಿನಲ್ಲಿ ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿಟ್ಟುಕೊಳ್ಳಿ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತದೆ. ಮನೆ ಬದಲಿಸಿದರೆ ಮತ್ತೆ ಹೊಸದಾಗಿ ಸೇರಿಸಬೇಕು, ನಮ್ಮವರು ಬಹಳ ಜನ ಎಡವುವುದು ಇಲ್ಲೇ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲ ಕೊಡುವವರು ನಿಮ್ಮ ವಿಳಾಸವನ್ನು ಸುಲಭವಾಗಿ ನಂಬುತ್ತಾರೆ, ಅದೊಂದು ಲಾಭ. ಮತಗಟ್ಟೆ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಗುರುತು ತೋರಿಸಲು ಭಾರತದ ಪಾಸ್‌ಪೋರ್ಟ್ ಅಥವಾ ಇಲ್ಲಿಯ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ, ಪ್ರೊವಿಷನಲ್ ಆದರೂ ಸರಿ. ಫೋನಿನಲ್ಲಿರುವ ಇ-ವೀಸಾವಾಗಲಿ, ಪಾಸ್‌ಪೋರ್ಟಿನ ಫೋಟೋವಾಗಲಿ ನಡೆಯುವುದಿಲ್ಲ, ಅಸಲು ಬೇಕು. ಬಾಗಿಲ ಬಳಿ ಪಕ್ಷದ ಬಣ್ಣದ ಬ್ಯಾಡ್ಜ್ ಹಾಕಿಕೊಂಡ ಯಾರಾದರೂ ನಿಮ್ಮ ಪಟ್ಟಿಯ ನಂಬರ್ ಕೇಳಬಹುದು. ಅವರು ಅಧಿಕಾರಿಗಳಲ್ಲ, ಪಕ್ಷದ ಕಾರ್ಯಕರ್ತರು. ಹೇಳದೆ ನಗುತ್ತ ಒಳಗೆ ಹೋಗಬಹುದು.