ಹಳೆಯ ನ್ವಾರ್ ಚಿತ್ರದ ಒಳ್ಳೆಯ ಡಿಸ್ಕ್ ಆರಿಸುವುದು ಹೇಗೆ?

1940 ಮತ್ತು 50ರ ದಶಕಗಳಲ್ಲಿ ಹಾಲಿವುಡ್‌ನಲ್ಲಿ ಬಂದ ಒಂದು ಬಗೆಯ ಅಪರಾಧ ಚಿತ್ರಗಳನ್ನು ಫಿಲ್ಮ್ ನ್ವಾರ್ ಎನ್ನುತ್ತಾರೆ. ಮಳೆಗೆ ನೆನೆದ ಬೀದಿ, ಮುಖದ ಮೇಲೆ ಬಿದ್ದ ಕಿಟಕಿ ಪಟ್ಟಿಗಳ ನೆರಳು, ದುಡ್ಡಿನ ಆಸೆಗೋ ಮೋಹಕ್ಕೋ ಬಿದ್ದು ಮೇಲೇಳಲಾಗದ ಸಾಮಾನ್ಯ ಮನುಷ್ಯ. ಇಲ್ಲಿ ಅರ್ಧ ಕಥೆಯನ್ನು ಕತ್ತಲೆಯೇ ಹೇಳುತ್ತದೆ. ಕೆಟ್ಟ ಪ್ರತಿಯಲ್ಲಿ ಆ ಕತ್ತಲೆ ಮಸಿ ಬಳಿದಂತಾಗಿರುತ್ತದೆ, ಇಲ್ಲವೇ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಆಗ ನಾವು ನೋಡುವುದು ಕಥೆಯ ಸಾರಾಂಶವನ್ನೇ ಹೊರತು ಸಿನಿಮಾವನ್ನಲ್ಲ. ಆದ್ದರಿಂದ ಡಿಸ್ಕ್ ಕೊಳ್ಳುವಾಗ ಚಿತ್ರದ ಹೆಸರು ನೋಡಿದರೆ ಸಾಲದು, ಅದನ್ನು ಯಾವ ಪ್ರತಿಯಿಂದ ಮಾಡಿದ್ದಾರೆ ಎಂದು ಕೇಳಬೇಕು.

ಮೊದಲು ಚಿತ್ರದ ಹಿನ್ನೆಲೆ ತಿಳಿಯಿರಿ

ಅಮೆರಿಕದ ಹಳೆಯ ಕಾನೂನಿನ ಪ್ರಕಾರ ಚಿತ್ರದ ಹಕ್ಕುಸ್ವಾಮ್ಯವನ್ನು 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ಸಣ್ಣ ಕಂಪನಿಗಳ ಎಷ್ಟೋ ಚಿತ್ರಗಳಿಗೆ ನವೀಕರಣ ಆಗಲೇ ಇಲ್ಲ. ಯಾರು ಬೇಕಾದರೂ ಮಾರಬಹುದಾದ ಈ ಚಿತ್ರಗಳನ್ನು ಕೈಗೆ ಸಿಕ್ಕ ಸವೆದ ಪ್ರಿಂಟ್‌ನಿಂದ ನಕಲು ಮಾಡಿ ಅಗ್ಗದ ಡಿವಿಡಿಗಳಾಗಿ ಹರಿಯಬಿಟ್ಟರು. ಒಂದೇ ಚಿತ್ರಕ್ಕೆ ಹತ್ತಾರು ಡಿಸ್ಕ್‌ಗಳು ಅತಿ ಕಡಿಮೆ ಬೆಲೆಗೆ ಕಂಡರೆ ಎಚ್ಚರ ವಹಿಸಿ.

1945ರ ‘ಡಿಟೂರ್’ ಇದಕ್ಕೆ ಸ್ಪಷ್ಟ ಉದಾಹರಣೆ. ಎಡ್ಗರ್ ಉಲ್ಮರ್ ನಿರ್ದೇಶನದ, 70 ನಿಮಿಷಕ್ಕೂ ಕಡಿಮೆ ಅವಧಿಯ ಬಡ ಬಜೆಟ್ಟಿನ ಚಿತ್ರವದು. ದಶಕಗಳ ಕಾಲ ಜನ ನೋಡಿದ್ದು ಅದರ ಗೀಚುಬಿದ್ದ, ಮಾತು ತುಂಡಾಗುವ ಪ್ರತಿಗಳನ್ನು. ಚಿತ್ರವೇ ಒರಟು ಎಂದು ಅನೇಕರು ನಂಬಿದ್ದೂ ಇದರಿಂದಲೇ. ಹಳೆಯ ಚಿತ್ರಗಳನ್ನು ಉಳಿಸುವ ಸಂಸ್ಥೆಗಳಾದ ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ದಿ ಫಿಲ್ಮ್ ಫೌಂಡೇಷನ್ ಇದರ ಪುನರುಜ್ಜೀವನಕ್ಕೆ ಕೈಹಾಕಿದಾಗ ಉತ್ತಮ ಪ್ರತಿ ಸಿಕ್ಕಿದ್ದು ಬೆಲ್ಜಿಯಂನ ಸಿನಿಮಾ ಸಂಗ್ರಹಾಲಯದಲ್ಲಿ. ತೊಡಕೆಂದರೆ, ಅದರ ಚೌಕಟ್ಟುಗಳ ಮೇಲೆಯೇ ಫ್ರೆಂಚ್ ಮತ್ತು ಫ್ಲೆಮಿಷ್ ಅಡಿಬರಹಗಳು ಅಚ್ಚಾಗಿದ್ದವು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಪ್ರತಿಯ ನೆರವಿನಿಂದ ಆ ಅಕ್ಷರಗಳನ್ನು ಡಿಜಿಟಲ್ ವಿಧಾನದಲ್ಲಿ ಅಳಿಸಿ ಚಿತ್ರ ಕೂಡಿಸಿದರು. 2019ರಲ್ಲಿ ಡಿಸ್ಕ್ ಕಂಪನಿ ಕ್ರೈಟೀರಿಯನ್ ಅದನ್ನು ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಆಗಿ ತಂದಿತು. ಸಂಗ್ರಹ ಆರಂಭಿಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಳೆಯ ನಕಲಿನ ಪಕ್ಕದಲ್ಲಿಟ್ಟು ಐದು ನಿಮಿಷ ನೋಡಿದರೆ ಉಳಿದ ಪಾಠ ತಾನಾಗಿ ತಲೆಗೆ ಹತ್ತುತ್ತದೆ.

ಪೆಟ್ಟಿಗೆಯ ಹಿಂಬದಿ ಓದಿ

ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್ ಎಲ್ಲಕ್ಕಿಂತ ಮೇಲು. ಅದು ಇಲ್ಲದಿದ್ದರೆ ಅದರಿಂದ ನೇರವಾಗಿ ತೆಗೆದ ‘ಫೈನ್ ಗ್ರೇನ್’ ಪ್ರತಿ. ಆಮೇಲೆ ಆ ಪ್ರತಿಯಿಂದ ಮಾಡಿದ ನಕಲು ನೆಗೆಟಿವ್, ಅಂದರೆ ‘ಡ್ಯೂಪ್ ನೆಗೆಟಿವ್’, ಕೊನೆಗೆ ಚಿತ್ರಮಂದಿರದಲ್ಲಿ ಓಡಿದ ಪ್ರಿಂಟ್. ಪ್ರತಿ ನಕಲಿನಲ್ಲೂ ನೆರಳಿನೊಳಗಿನ ವಿವರ ಒಂದಿಷ್ಟು ಸಾಯುತ್ತದೆ. ಜವಾಬ್ದಾರಿಯುತ ಸಂಸ್ಥೆಗಳು ಯಾವ ಆಕರ ಬಳಸಿದೆವು, ಯಾವ ಆರ್ಕೈವ್ ಕೆಲಸ ಮಾಡಿತು ಎಂಬುದನ್ನು ಪೆಟ್ಟಿಗೆಯ ಮೇಲೋ ಒಳಗಿನ ಪುಸ್ತಿಕೆಯಲ್ಲೋ ತಿಳಿಸುತ್ತವೆ. ‘ಡಿಜಿಟಲ್ ರೀಮಾಸ್ಟರ್ಡ್’ ಎಂದಷ್ಟೇ ಬರೆದು ಸುಮ್ಮನಾದ ಡಿಸ್ಕನ್ನು ನಾನು ಕೊಳ್ಳುವುದಿಲ್ಲ.

‘4ಕೆ ರೆಸ್ಟೊರೇಷನ್’ ಎಂದಿದ್ದರೆ ಫಿಲ್ಮನ್ನು 4ಕೆ ಎಂಬ ಅತಿ ಸೂಕ್ಷ್ಮ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿದ್ದಾರೆ ಎಂದರ್ಥ. ಒಳಗಿರುವುದು ಸಾಮಾನ್ಯ ಬ್ಲೂ-ರೇ ಆಗಿರಬಹುದು. 4ಕೆ ಡಿಸ್ಕೇ ಬೇಕಿದ್ದರೆ ‘ಅಲ್ಟ್ರಾ ಎಚ್‌ಡಿ’ ಗುರುತು ನೋಡಿ.

ಇದೆಲ್ಲ ಯಾಕಿಷ್ಟು ಮುಖ್ಯ ಎನ್ನುವವರು 1950ರ ‘ವುಮನ್ ಆನ್ ದಿ ರನ್’ ಚಿತ್ರದ ಪಾಡು ಕೇಳಬೇಕು. ಎಡ್ಡಿ ಮುಲ್ಲರ್ ಅವರ ಫಿಲ್ಮ್ ನ್ವಾರ್ ಫೌಂಡೇಷನ್ ಪತ್ತೆ ಮಾಡಿ ಪ್ರದರ್ಶಿಸಿದ್ದ ಅದರ ಪ್ರಿಂಟ್ 2008ರಲ್ಲಿ ಯೂನಿವರ್ಸಲ್ ಸ್ಟುಡಿಯೊದ ಬೆಂಕಿಯಲ್ಲಿ ಸುಟ್ಟುಹೋಯಿತು. ಮತ್ತೆ ಹುಡುಕಾಟ ನಡೆಸಿ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಉಳಿದಿದ್ದ ಪ್ರತಿಯಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಆರ್ಕೈವ್ ಅದಕ್ಕೆ ಮರುಜೀವ ಕೊಟ್ಟಿತು. 2016ರಲ್ಲಿ ಫ್ಲಿಕರ್ ಆಲಿ ಕಂಪನಿ ಅದರ ಡಿಸ್ಕ್ ತಂದಿತು. ಇಂಥ ಡಿಸ್ಕ್‌ಗೆ ಕೊಡುವ ದುಡ್ಡು ದುಬಾರಿಯಲ್ಲ. ನಮ್ಮ ‘ಘಟಶ್ರಾದ್ಧ’ದ ನೆಗೆಟಿವ್ ಕೂಡ ಇಂಥದೇ ಶ್ರಮದಿಂದ 4ಕೆ ರೂಪ ಪಡೆದು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನ ಕಂಡಿತು. ಅದರ ಹಿಂದೆ ಭಾರತದ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಜೊತೆಗೆ ‘ಡಿಟೂರ್’ ಉಳಿಸಿದ ಅದೇ ದಿ ಫಿಲ್ಮ್ ಫೌಂಡೇಷನ್ ಇತ್ತು.

ಯಾವ ಆವೃತ್ತಿ?

ಕೆಲವು ಚಿತ್ರಗಳಿಗೆ ಒಂದಕ್ಕಿಂತ ಹೆಚ್ಚು ರೂಪಗಳಿವೆ. ಆರ್ಸನ್ ವೆಲ್ಸ್ ಅವರ ‘ಟಚ್ ಆಫ್ ಈವಿಲ್’ ಚಿತ್ರವನ್ನು ಸ್ಟುಡಿಯೊ ತನ್ನಿಷ್ಟದಂತೆ ಕತ್ತರಿಸಿದಾಗ ಅವರು 58 ಪುಟಗಳ ಟಿಪ್ಪಣಿ ಬರೆದು ಪ್ರತಿಭಟಿಸಿದರು. 1958ರಲ್ಲಿ ಚಿತ್ರ ಬಿಡುಗಡೆಯಾದಾಗ ಆ ಟಿಪ್ಪಣಿಗೆ ಪೂರ್ಣ ಬೆಲೆ ಸಿಗಲಿಲ್ಲ. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಟಿಪ್ಪಣಿ ಅನುಸರಿಸಿ ಚಿತ್ರವನ್ನು ಮತ್ತೆ ಜೋಡಿಸಿದರು. ಪ್ರಸಿದ್ಧ ಆರಂಭದ ದೀರ್ಘ ಶಾಟ್‌ನ ಮೇಲಿನ ಹೆಸರುಗಳು ಮಾಯವಾದವು, ಹಿನ್ನೆಲೆ ಸಂಗೀತದ ಬದಲು ಬೀದಿಯ ಸದ್ದುಗಳೂ ಅಂಗಡಿಗಳಿಂದ ತೇಲಿಬರುವ ಹಾಡುಗಳೂ ಬಂದವು. ಎಲ್ಲ ಆವೃತ್ತಿಗಳೂ ಒಟ್ಟಿಗಿರುವ ಸೆಟ್ ಕೊಳ್ಳಿ.

ರೀಜನ್ ಕೋಡ್ ಮರೆಯಬೇಡಿ

ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರ್‌ನಲ್ಲಿ ಓಡದಂತೆ ಹಾಕುವ ಬೀಗವೇ ರೀಜನ್ ಕೋಡ್. ಬ್ಲೂ-ರೇ ಲೆಕ್ಕದಲ್ಲಿ ಭಾರತ ‘ಸಿ’ ವಲಯ, ಅಮೆರಿಕ ‘ಎ’, ಬ್ರಿಟನ್ ‘ಬಿ’. ಇಲ್ಲಿ ಕೊಂಡ ಪ್ಲೇಯರ್ ಸಾಮಾನ್ಯವಾಗಿ ‘ಎ’ ವಲಯಕ್ಕೆ ಬೀಗ ಹಾಕಿದ ಅಮೆರಿಕದ ಡಿಸ್ಕನ್ನು ಒಪ್ಪುವುದಿಲ್ಲ. ಎಲ್ಲ ವಲಯಗಳ ಡಿಸ್ಕ್ ಓಡಿಸುವ ಪ್ಲೇಯರ್ ಬೇಕು, ಇಲ್ಲವೇ ‘ಎಬಿಸಿ’ ಎಂದು ಗುರುತಿಸಿದ ಡಿಸ್ಕ್ ಆರಿಸಬೇಕು. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗಳಿಗೆ ಈ ಬೇಲಿ ಇಲ್ಲ. ಆದರೆ ಅದೇ ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಬ್ಲೂ-ರೇಗೆ ಇರಬಹುದು. ವಿದೇಶದಿಂದ ತರಿಸುವವರು ಸಾಗಣೆ ಮತ್ತು ಕಸ್ಟಮ್ಸ್ ಸುಂಕವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಲಿ.

ಟಿವಿ ಸರಿಪಡಿಸಿ

ಒಳ್ಳೆಯ ಡಿಸ್ಕನ್ನೂ ಟಿವಿ ಹಾಳುಮಾಡಬಲ್ಲದು. ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನು ಆಫ್ ಮಾಡಿ, ಶಾರ್ಪ್‌ನೆಸ್ ತಗ್ಗಿಸಿ, ‘ನಾಯ್ಸ್ ರಿಡಕ್ಷನ್’ ತೆಗೆದುಹಾಕಿ. ಇಂಥ ತಿದ್ದುವಿಕೆಗಳನ್ನೆಲ್ಲ ಒಮ್ಮೆಗೇ ನಿಲ್ಲಿಸುವ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನೇ ಬಳಸಿ. 1953ಕ್ಕೆ ಮುಂಚಿನ ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರದವು. ಪರದೆಯ ಎಡಬಲಗಳಲ್ಲಿ ಕಪ್ಪು ಪಟ್ಟಿ ಇರಲೇಬೇಕು. ಪರದೆ ತುಂಬಲೆಂದು ಚಿತ್ರವನ್ನು ಹಿಗ್ಗಿಸಬೇಡಿ. ಚಿತ್ರದ ಮೇಲೆ ಸಣ್ಣಗೆ ಮಿಡಿಯುವ ಕಣಗಳು ದೋಷವಲ್ಲ, ಫಿಲ್ಮ್‌ನ ಮೈಯೇ ಅದು. ಕಣಗಳನ್ನು ಒರೆಸಿಹಾಕಿದ ಡಿಸ್ಕ್‌ನಲ್ಲಿ ಮುಖಗಳು ಮೇಣದ ಬೊಂಬೆಗಳಾಗುತ್ತವೆ. ರಾತ್ರಿಯ ದೃಶ್ಯವೊಂದನ್ನು ನಿಲ್ಲಿಸಿ ನೋಡಿ: ಕಪ್ಪು ಕೋಟಿನ ಮಡಿಕೆಗಳು ಹಿಂದಿನ ಕತ್ತಲೆಯಿಂದ ಬೇರೆಯಾಗಿ ಕಂಡರೆ ಡಿಸ್ಕೂ ಟಿವಿಯೂ ಸರಿಯಾಗಿವೆ.

ಡಿಸ್ಕ್‌ಗಳನ್ನು ಬಿಸಿಲು ಮತ್ತು ತೇವ ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಿ. ಬೇಡಿಕೆ ಬಂದಾಗ ಬರೆದುಕೊಡುವ ಡಿವಿಡಿ-ಆರ್ ಡಿಸ್ಕ್‌ಗಳು ಅಚ್ಚೊತ್ತಿದವುಗಳಷ್ಟು ಬಾಳುವುದಿಲ್ಲ. ಅಂಥವಿದ್ದರೆ ಆಗಾಗ ಹಾಕಿ ಪರೀಕ್ಷಿಸುತ್ತಿರಿ, ಅದೇ ಚಿತ್ರ ಬ್ಲೂ-ರೇ ಆಗಿ ಬಂದಾಗ ಬದಲಾಯಿಸಿಕೊಳ್ಳಿ.