ಯೋಜನಕ್ಕೆ ಎಷ್ಟು ಮೈಲಿ?

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಭಜನಾ ಮಂಡಳಿಗೆ ಒಂದು ವಾಟ್ಸ್‌ಆ್ಯಪ್ ಗುಂಪಿದೆ. ಶನಿವಾರದ ಭಜನೆ ಯಾರ ಮನೆಯಲ್ಲಿ, ಪ್ರಸಾದ ಯಾರದು ಎಂದು ತಿಳಿಸಲು ತೆರೆದ ಆ ಗುಂಪಿನಲ್ಲಿ ಈಗ ಹೆಚ್ಚಾಗಿ ಓಡಾಡುವುದು, ಆಧುನಿಕ ವಿಜ್ಞಾನವೆಲ್ಲ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತೆಂದು ಸಾರುವ ಫಾರ್ವರ್ಡ್‌ಗಳು. ಯಾರ ಭಕ್ತಿಯ ತಂಟೆಗೂ ಹೋಗದೆ ಇವುಗಳ ನಿಜಾನಿಜವನ್ನು ನಾನು ವಿಚಾರಿಸುತ್ತ ಬಂದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲವನ್ನೂ ಪ್ರಶ್ನಿಸಲು ಹೋಗುವುದಿಲ್ಲ. ಹನ್ನೊಂದು ಜನರಿಗೆ ಕಳುಹಿಸಿದರೆ ಶುಭವಾರ್ತೆ ಬರುತ್ತದೆ ಎಂಬಂಥ ಸಂದೇಶದಲ್ಲಿ ಪರೀಕ್ಷಿಸುವುದಕ್ಕೆ ಏನೂ ಇಲ್ಲ. ಗ್ರಂಥದ ಹೆಸರು, ಶ್ಲೋಕ, ಅಂಕಿ ಈ ಮೂರೂ ಇರುವ ಸಂದೇಶವನ್ನು ಮಾತ್ರ ಕೈಗೆತ್ತಿಕೊಳ್ಳುತ್ತೇನೆ. ಸಂದೇಶದ ತಲೆಯ ಮೇಲಿನ ಜೋಡಿ ಬಾಣದ ಗುರುತು, ಅದು ಕನಿಷ್ಠ ಐದು ಕೈ ದಾಟಿ ಬಂದದ್ದನ್ನು ಹೇಳುತ್ತದೆ. ಆದ್ದರಿಂದ ಕಳುಹಿಸಿದವರನ್ನೇ ಅದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ.

ನನಗೆ ಹೆಚ್ಚು ಕೆಲಸ ಕೊಟ್ಟದ್ದು ಎರಡು ಸಂದೇಶಗಳು. ಹನುಮಾನ್ ಚಾಲೀಸಾದ 'ಜುಗ ಸಹಸ್ರ ಯೋಜನ ಪರ ಭಾನೂ' ಎಂಬ ಸಾಲಿನಲ್ಲಿ ಸೂರ್ಯನ ದೂರವಿದೆ ಎಂಬುದು ಮೊದಲನೆಯದು: ಯುಗವೆಂದರೆ 12,000, ಸಹಸ್ರವೆಂದರೆ 1,000, ಯೋಜನವೆಂಬ ಹಳೆಯ ದೂರದ ಅಳತೆಯೆಂದರೆ 8 ಮೈಲಿ; ಗುಣಿಸಿದರೆ 9.6 ಕೋಟಿ ಮೈಲಿ. ನಿಜವಾದ ಸರಾಸರಿ ದೂರ ಸುಮಾರು 9.3 ಕೋಟಿ. ಎರಡನೆಯದು, ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಸ್ಥಾನದಲ್ಲಿದ್ದ ಸಾಯಣಾಚಾರ್ಯರು ತಮ್ಮ ಋಗ್ವೇದ ಭಾಷ್ಯದಲ್ಲಿ ಅರ್ಧ ನಿಮಿಷಕ್ಕೆ 2,202 ಯೋಜನವೆಂದು ಬೆಳಕಿನ ವೇಗವನ್ನೇ ಬರೆದಿಟ್ಟರೆಂಬುದು. ಇಲ್ಲಿ ನಿಮಿಷವೆಂದರೆ ಕಣ್ಣೆವೆ ಬಡಿಯುವಷ್ಟು ಹೊತ್ತು.

ಮೊದಲು ಮೂಲವನ್ನು ನೋಡಬೇಕೆನಿಸಿತು. ಮಾಟುಂಗಾದ ಪರಿಚಯದ ಪುರೋಹಿತರೊಬ್ಬರ ಮನೆಯಲ್ಲಿ ಮೈಸೂರು ಅರಮನೆಯವರು ಪ್ರಕಟಿಸಿದ ಋಗ್ವೇದ ಸಂಪುಟಗಳಿದ್ದವು. ಮೊದಲ ಮಂಡಲದ 50ನೆಯ ಸೂಕ್ತದ ನಾಲ್ಕನೆಯ ಮಂತ್ರದಲ್ಲಿ ಅಂಕಿಯೇ ಇಲ್ಲ. ಅಂಕಿ ಇರುವುದು ಭಾಷ್ಯದಲ್ಲಿ, ಅದೂ ಹಿಂದಿನಿಂದ ಬಂದ ಸ್ಮೃತಿವಾಕ್ಯವೆಂದು ಸಾಯಣರು ಉದ್ಧರಿಸಿದ ಶ್ಲೋಕದಲ್ಲಿ. ಆ ಶ್ಲೋಕ ನಮಸ್ಕಾರ ಹೇಳುವುದು ಬೆಳಕಿಗಲ್ಲ, ಇಷ್ಟು ದೂರ ಕ್ರಮಿಸುವ ಸೂರ್ಯನಿಗೇ. ಹಾಗಿದ್ದರೂ 2,202 ಎಂಬ ಸಂಖ್ಯೆ ಅಲ್ಲಿರುವುದು ಸತ್ಯ, ಅದನ್ನು ಗುಂಪಿನಲ್ಲಿ ನಾನೇ ಮೊದಲು ಹೇಳಿದೆ. ಸಿಕ್ಕದ್ದನ್ನು ಮುಚ್ಚಿಟ್ಟರೆ ನಮ್ಮ ಪ್ರಶ್ನೆಗೂ ಬೆಲೆ ಇರುವುದಿಲ್ಲ.

ಆಮೇಲೆ ಎರಡೂ ಸಂದೇಶಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಬೆಳಕಿನ ವೇಗವಾದ ಸೆಕೆಂಡಿಗೆ 1,86,000 ಮೈಲಿ ಬರಬೇಕಾದರೆ ಯೋಜನಕ್ಕೆ 9 ಮೈಲಿ ಹಿಡಿಯಬೇಕು, ಮೊದಲನೆಯ ಸಂದೇಶದಲ್ಲಿ ಅದೇ ಯೋಜನ 8 ಮೈಲಿ. ನಿಮಿಷದ ಅಳತೆಯೂ ಒಂದೇ ಅಲ್ಲ: ವಿಷ್ಣುಪುರಾಣದಲ್ಲಿ 15 ನಿಮಿಷಕ್ಕೆ ಒಂದು ಕಾಷ್ಠೆ (ನಿಮಿಷಕ್ಕಿಂತ ದೊಡ್ಡ ಕಾಲದ ಅಳತೆ), ಮನುಸ್ಮೃತಿಯಲ್ಲಿ 18. 9 ಮೈಲಿಯ ಯೋಜನ ಬರುವುದು ವಿಷ್ಣುಪುರಾಣದ ನಿಮಿಷದಿಂದ; ಮನುವಿನ ಲೆಕ್ಕ ಹಿಡಿದರೆ ನಿಮಿಷ ಚಿಕ್ಕದಾಗಿ ವೇಗ 2,23,000 ಮೈಲಿಯ ಹತ್ತಿರಕ್ಕೆ ಏರುತ್ತದೆ. ಭೂಮಿಯ ವ್ಯಾಸ 1,600 ಯೋಜನವೆನ್ನುವ ಸೂರ್ಯಸಿದ್ಧಾಂತವೆಂಬ ಹಳೆಯ ಖಗೋಳ ಗ್ರಂಥದ ಪ್ರಕಾರ ಯೋಜನ 5 ಮೈಲಿಯಷ್ಟೇ. ಉತ್ತರ ಮೊದಲೇ ಗೊತ್ತಿದ್ದು, ಅದಕ್ಕೆ ಹೊಂದುವ ಅಳತೆಯನ್ನು ಆಮೇಲೆ ಆರಿಸಿಕೊಂಡಂತೆ ನನಗೆ ಕಂಡಿತು. ಯುಗದ 12,000 ಕೂಡ ದಿವ್ಯವರ್ಷಗಳ, ಅಂದರೆ ದೇವತೆಗಳ ವರ್ಷಗಳ, ಎಣಿಕೆ. ವರ್ಷವನ್ನು ಯೋಜನಕ್ಕೆ ಗುಣಿಸುವುದು ಯಾವ ಲೆಕ್ಕವೋ!

ಇಷ್ಟನ್ನೂ ಒಮ್ಮೆಗೇ ಗುಂಪಿಗೆ ಸುರಿಯಲಿಲ್ಲ. ಸಂದೇಶ ಹಾಕಿದ ಹಿರಿಯರಿಗೆ ಮೊದಲು ಖಾಸಗಿಯಾಗಿ, "ರಾಯರೇ, ಎರಡು ಸಂದೇಶದಲ್ಲಿ ಯೋಜನ ಬೇರೆ ಬೇರೆ ಇದೆಯಲ್ಲ, ಯಾವುದನ್ನು ಹಿಡಿಯೋಣ?" ಎಂದು ಬರೆದೆ. "ನೀವೇ ಗುಂಪಿನಲ್ಲಿ ಕೇಳಿ, ತಿಳಿದವರು ಹೇಳಲಿ" ಎಂದರು. ಅವರ ಒಪ್ಪಿಗೆ ಸಿಕ್ಕ ಮೇಲೆ ಕೇಳಿದ್ದರಿಂದ ಪ್ರಶ್ನೆ ಜಗಳಕ್ಕೆ ತಿರುಗಲಿಲ್ಲ. ಧರ್ಮದ್ರೋಹದ ಮಾತೆತ್ತಿದ ಒಬ್ಬಿಬ್ಬರಿಗೆ ನಾನು ಉತ್ತರ ಕೊಡಲಿಲ್ಲ, ರಾಯರೇ ಕೊಟ್ಟರು.

ಗ್ರಂಥದ ಆಧಾರ ಹಿಡಿದು ಬಂದ ಉತ್ತರ ಠಾಣೆಯ ಸದಸ್ಯರೊಬ್ಬರದು. ಆರ್ಯಭಟನು ಭೂಮಿಯ ವ್ಯಾಸವನ್ನು 1,050 ಯೋಜನ ಎಂದಿದ್ದಾನೆ, ಆಗ ಯೋಜನ ಏಳೂವರೆ ಮೈಲಿಯಾಗುತ್ತದೆ ಎಂದರು. ಒಪ್ಪಿಕೊಂಡು ಲೆಕ್ಕ ಮಾಡಿ ಗುಂಪಿಗೆ ಹಾಕಿದೆ. ಆ ಯೋಜನದಿಂದ ಚಾಲೀಸಾದ ಗುಣಾಕಾರ 9 ಕೋಟಿ ಮೈಲಿಯ ಸುತ್ತ ಬರುವುದು ನಿಜ, ಆದರೆ ಬೆಳಕಿನ ವೇಗ ಸುಮಾರು 1,55,000ಕ್ಕೆ ಇಳಿಯುತ್ತದೆ. ಇನ್ನು ಆರ್ಯಭಟ ತಾನೇ ಕೊಟ್ಟಿರುವ ಸೂರ್ಯನ ದೂರ ಸುಮಾರು 4.6 ಲಕ್ಷ ಯೋಜನ, ಅಂದರೆ 35 ಲಕ್ಷ ಮೈಲಿಯೊಳಗೆ.