ಹನುಮಂತ ಯಾವ ಗುಂಪಿಗೆ? ಹಾರುವ ಕಥೆಗಳಿಂದ ವಿಂಗಡಣೆ ಕಲಿಸುವ ಬಗೆ

ಗುಂಡಿ, ಮಣಿ, ಕಾಳುಗಳನ್ನು ಬಣ್ಣ ನೋಡಿ ಬೇರ್ಪಡಿಸುವುದನ್ನು ಮಕ್ಕಳು ಅಂಗನವಾಡಿಯಲ್ಲೇ ಕಲಿತಿರುತ್ತಾರೆ. ಅಲ್ಲಿ ಕಣ್ಣಿಗೆ ಕಂಡದ್ದೇ ಸಾಕು. ಆರೇಳು ವರ್ಷದವರಿಗೆ ಕಾರಣ ಹುಡುಕಬೇಕಾದ ಕೆಲಸ ಕೊಡಬೇಕು. ಅದಕ್ಕೆ ಹಾರಾಟದ ಪುರಾಣ ಕಥೆಗಳಿಗಿಂತ ಒಳ್ಳೆಯ ಸಾಮಗ್ರಿಯನ್ನು ನಾನು ಕಂಡಿಲ್ಲ.

ಮೊದಲು ಕಥೆ ಹೇಳಿ. ದಿನಕ್ಕೆ ಒಂದೆರಡು ಸಾಕು, ಅವಸರ ಬೇಡ. ಕಥೆ ಮನಸ್ಸಿಗೆ ಇಳಿಯದಿದ್ದರೆ ಮುಂದಿನದೆಲ್ಲ ಬರಿಯ ಚೀಟಿ ಆಟವಾಗುತ್ತದೆ. ಬಳಿಕ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಮಕ್ಕಳಿಂದಲೇ ಹತ್ತು ಚಿತ್ರ ಬರೆಸಿ: ಗರುಡ, ಜಟಾಯು, ಸಂಪಾತಿ, ಹನುಮಂತ, ಪುಷ್ಪಕ ವಿಮಾನ, ಮೈನಾಕ ಪರ್ವತ, ಕೋಲು ಕಚ್ಚಿಕೊಂಡು ಹಾರಿದ ಆಮೆ, ಮೇಣದಿಂದ ಅಂಟಿಸಿದ ರೆಕ್ಕೆ ಕಟ್ಟಿಕೊಂಡು ಹಾರಿದ ಗ್ರೀಕರ ಐಕರಸ್, ಅವರದೇ ರೆಕ್ಕೆಯ ಕುದುರೆ ಪೆಗಾಸಸ್, ಹಾರುವ ಚಾಪೆ.

ಈಗ ಕಾರ್ಡುಗಳನ್ನು ನೆಲದ ಮೇಲೆ ಹರಡಿ, 'ಜೊತೆಗಿರಬೇಕಾದವನ್ನು ಜೊತೆಗಿಡಿ' ಎಂದಷ್ಟೇ ಹೇಳಿ ಸುಮ್ಮನಿರಿ. ಯಾವ ಸೂಚನೆಯನ್ನೂ ಕೊಡಬೇಡಿ. ಯಾರೋ ಒಬ್ಬರು ಸಂಪಾತಿಯನ್ನು ಐಕರಸ್‌ನ ಪಕ್ಕಕ್ಕೆ ತಂದಿಡಬಹುದು. ಒಂದು ಹದ್ದು, ಇನ್ನೊಂದು ಮನುಷ್ಯ ಎಂದು ತಿದ್ದಲು ಹೋಗಬೇಡಿ, ಏಕೆ ಎಂದು ಕೇಳಿ. ಇಬ್ಬರೂ ಸೂರ್ಯನ ಹತ್ತಿರ ಹೋದರು, ಇಬ್ಬರೂ ರೆಕ್ಕೆ ಕಳೆದುಕೊಂಡರು. ಒಬ್ಬನ ಮೇಣ ಕರಗಿತು, ಇನ್ನೊಬ್ಬನದು ತಮ್ಮ ಜಟಾಯುವಿಗೆ ಮರೆಯಾಗಲು ಹೋಗಿ ಸುಟ್ಟಿತು. ಇದು ಅಪ್ಪಟ ವರ್ಗೀಕರಣ. ಗುಂಪು ಮಾಡಿದವರು ಅದರ ನಿಯಮವನ್ನು ಒಂದು ವಾಕ್ಯದಲ್ಲಿ ಹೇಳುವಂತಿದ್ದರೆ ಆ ಗುಂಪು ಸರಿ.

ಮುಂದೆ ಹೌದು–ಅಲ್ಲದ ಪ್ರಶ್ನೆಗಳು. ಮಹಡಿಯ ಮೇಲೋ ಅಂಗಳದಲ್ಲೋ ಸೀಮೆಸುಣ್ಣದಿಂದ ಎರಡು ವೃತ್ತ ಎಳೆಯಿರಿ. 'ರೆಕ್ಕೆ ಇದೆಯೇ?' ಎಂದಾಗ ಹನುಮಂತ ಒಂದು ಕಡೆ, ಗರುಡ ಇನ್ನೊಂದು ಕಡೆ. 'ಸ್ವಂತ ಬಲದಿಂದ ಹಾರಿತೇ?' ಎಂದಾಗ ಇಬ್ಬರೂ ಒಂದೇ ಕಡೆ, ಆಮೆ ಮಾತ್ರ ಆಚೆ. ಅದನ್ನು ಹೊತ್ತದ್ದು ಹಂಸಗಳು. ಒಂದು ಸಲಕ್ಕೆ ಒಂದೇ ಪ್ರಶ್ನೆ ಇರಲಿ. ಎರಡನ್ನು ಬೆರೆಸಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಮೈನಾಕನ ವಿಷಯದಲ್ಲಿ ಜಗಳ ಆಗಿಯೇ ಆಗುತ್ತದೆ, ಆಗಲಿ. ಒಂದು ಕಾಲದಲ್ಲಿ ಬೆಟ್ಟಗಳಿಗೆ ರೆಕ್ಕೆಗಳಿದ್ದವು, ಇಂದ್ರ ಅವನ್ನು ಕತ್ತರಿಸಿದ, ವಾಯುವಿನ ನೆರವಿನಿಂದ ಮೈನಾಕ ತಪ್ಪಿಸಿಕೊಂಡು ಕಡಲಿನಲ್ಲಿ ಅಡಗಿದ ಎನ್ನುತ್ತದೆ ಕಥೆ. ಹಾಗಾದರೆ ಅದು ರೆಕ್ಕೆ ಇರುವ ಗುಂಪಿಗೆ. ಆದರೆ ಜೀವಿಯೋ, ನಿರ್ಜೀವಿಯೋ? ಇಲ್ಲಿ ವೃತ್ತಗಳು ಒಂದರ ಮೇಲೊಂದು ಬರುವಂತೆ ಎಳೆದು ನಡುವಿನ ಜಾಗವನ್ನು ತೋರಿಸಿ. ಒಂದು ವೃತ್ತ ರೆಕ್ಕೆ ಇರುವವರಿಗೆ, ಇನ್ನೊಂದು ಮನುಷ್ಯರು ಮಾಡಿದ ಸಾಧನದಿಂದ ಹಾರಿದವರಿಗೆ ಎಂದಿಟ್ಟರೆ ಐಕರಸ್ ನಡುವೆ ನಿಲ್ಲುತ್ತಾನೆ.

ಕೊಂಚ ದೊಡ್ಡವರಿಗೆ ಇನ್ನೊಂದು ಪ್ರಶ್ನೆ ಇದೆ. 'ಇವುಗಳಲ್ಲಿ ಹಕ್ಕಿಗಳು ಹೆಚ್ಚೋ, ರೆಕ್ಕೆ ಇರುವವು ಹೆಚ್ಚೋ?' ಗುಂಪಿನೊಳಗೊಂದು ಗುಂಪನ್ನು ಒಮ್ಮೆಗೇ ಕಾಣುವುದು ಚಿಕ್ಕ ಮಕ್ಕಳಿಗೆ ಕಷ್ಟ ಎಂಬುದನ್ನು ಮನೋವಿಜ್ಞಾನಿ ಜೀನ್ ಪಿಯಾಜೆ ಇಂಥ ಪ್ರಶ್ನೆಗಳಿಂದಲೇ ತೋರಿಸಿದರು. ಉತ್ತರ ತಪ್ಪಿದರೆ ಕಾರ್ಡುಗಳನ್ನು ಎಣಿಸಲು ಬಿಡಿ: ಹಕ್ಕಿಗಳು ಮೂರು, ರೆಕ್ಕೆ ಇರುವವು ಆರು.

ನಿಯಮ ಗಟ್ಟಿಯೇ ಎಂದು ನೋಡಲು ಹೊಸ ಕಾರ್ಡು ಕೊಡಿ. ನಮ್ಮ ರಾಜ್ಯದ ಲಾಂಛನದಲ್ಲಿರುವ ಗಂಡಭೇರುಂಡ ಇದಕ್ಕೆ ಹೇಳಿ ಮಾಡಿಸಿದ್ದು. ಆಮೇಲೆ ನಿಜ ಪ್ರಪಂಚದವು ಬರಲಿ: ನಗರದ ಮೇಲೆ ಸುತ್ತುವ ಹದ್ದು, ಮರಿಗೆ ಹಾಲೂಡಿಸುವ ಬಾವಲಿ, ಗಾಳಿಪಟ, ಯಲಹಂಕದ ವೈಮಾನಿಕ ಪ್ರದರ್ಶನದ ಯುದ್ಧವಿಮಾನ. ಬಾವಲಿಯನ್ನು ಹಕ್ಕಿಗಳೊಡನೆ ಇಟ್ಟವರಿಗೆ 'ಮೊಟ್ಟೆ ಇಡುತ್ತದೆಯೇ?' ಎಂದು ಕೇಳಿದರೆ ಕಾರ್ಡನ್ನು ತಾವೇ ಎತ್ತಿಕೊಳ್ಳುತ್ತಾರೆ.

ರಜೆಯಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋಗುವಾಗ ಕಾರ್ಡುಗಳನ್ನು ಚೀಲದಲ್ಲಿ ಇಟ್ಟುಕೊಳ್ಳಿ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ಪ್ರತಿಕೃತಿ ಅಲ್ಲಿದೆ. ಅದು ಐಕರಸ್‌ನ ಪಕ್ಕಕ್ಕೋ, ಪುಷ್ಪಕದ ಪಕ್ಕಕ್ಕೋ ಎಂದು ಅದರ ಮುಂದೆಯೇ ನಿಲ್ಲಿಸಿ ಕೇಳಿ, ಕಾರಣವನ್ನೂ ಹೇಳಿಸಿ.